ಮಂತ್ರವಾದಿಯ ಚೀಲ ಹೊರುವವರು ಯಾರು?

ನಾಲ್ಕು ಜನ ಕೂಡಿ ಆಡುವ ಆಟದಲ್ಲಿ ಒಬ್ಬರ ಕೈಯಲ್ಲಿ ಮಂತ್ರವಿದ್ದರೆ ಉಳಿದವರ ಮುಖ ಸಪ್ಪಗಾಗದೆ ಇರುತ್ತದೆಯೇ? ನಮ್ಮ ಜಗಲಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಇದೇ ಗೋಳು.

ನಾನು ಧಾರವಾಡದ ಕಡೆಯವಳು. ಕೊಳ್ಳೇಗಾಲಕ್ಕೆ ಬಂದು ನಲವತ್ತು ವರ್ಷವಾದರೂ ಅಂಗಡಿಯವರು ನನ್ನ ಮಾತು ಕೇಳಿ “ಯಾವೂರಮ್ಮಾ?” ಅನ್ನುತ್ತಾರೆ. ಈ ಆಟವನ್ನು ಮೊಮ್ಮಗಳು ರಜೆಗೆ ಬಂದಾಗ ಕಲಿಸಿಹೋದಳು. ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ಕತೆ ನಾನು ನಡೆಸುತ್ತೇನೆ, ಸೋಲು ಗೆಲುವು ದಾಳ ಹೇಳುತ್ತದೆ. ಯಳಂದೂರಿನ ಗಣಿತದ ಮೇಷ್ಟ್ರು ಮಂತ್ರವಾದಿ. ಎದುರುಮನೆಯ ಟೈಲರಮ್ಮ ಕಳ್ಳಿ. ಲೊಕ್ಕನಹಳ್ಳಿಯಿಂದ ನನಗೆ ಹುಣಸೆಹಣ್ಣು ತಂದುಕೊಡುವ ರೈತ, ಒಂದು ದಿನ ಸುಮ್ಮನೆ ನೋಡುತ್ತಾ ಕೂತವನು, ಕತ್ತಿವೀರನಾದ.

1. ಬಾಗಿಲು

ಮೊದಲ ಭಾನುವಾರ ಕೋಟೆಯ ಬಾಗಿಲಿಗೆ ಬೀಗ. ಟೈಲರಮ್ಮ ಸೂಜಿ ಹುಡುಕುತ್ತಿದ್ದಳು, ರೈತ ಬಾಗಿಲು ಒಡೆಯಲು ತೋಳೇರಿಸುತ್ತಿದ್ದ. ಮೇಷ್ಟ್ರು “ಮಂತ್ರ ಹಾಕಿದೆ, ತೆರೀತು” ಅಂದರು. ಮುಂದೆ ಕಂದಕ ಬಂತು. “ಮಂತ್ರ ಹಾಕಿದೆ, ಎಲ್ಲರೂ ಹಾರಿದ್ವಿ.” ಕಾವಲುಗಾರರು ಬಂದರು. “ಮಲಗಿಸಿದೆ.”

“ಹಂಗಾದ್ರೆ ನಾವ್ಯಾಕೆ ಬಂದ್ವಿ ಮೇಷ್ಟ್ರೇ?” ಅಂದಳು ಟೈಲರಮ್ಮ.

“ನನ್ನ ಪಾತ್ರಕ್ಕೆ ತೋಳಲ್ಲಿ ಬಲ ಕಡಿಮೆ. ಮಂತ್ರದ ಪುಸ್ತಕದ ಚೀಲ ಯಾರಾದ್ರೂ ಹೊರಬೇಕಲ್ಲ?”

ರೈತ ನಿಟ್ಟುಸಿರು ಬಿಟ್ಟ. “ಊರಲ್ಲಿ ಮೂಟೆ ಒರಾದು, ಇಲ್ಲಿ ಚೀಲ ಒರಾದು. ಅಲ್ಲಾದ್ರೂ ಎರಡು ಎತ್ತು ಅವೆ.”

2. ನಿದ್ದೆ

ನಾನು ಹೊಸ ಕಾಯಿದೆ ಮಾಡಿದೆ. ದಿನಕ್ಕೆ ಮೂರೇ ಮಂತ್ರ. ಮುಗಿದರೆ, ಯಾರೂ ಎಬ್ಬಿಸದ ಒಂದಿಡೀ ರಾತ್ರಿಯ ನಿದ್ದೆ ಆಗುವತನಕ ಮತ್ತೆ ಬರುವುದಿಲ್ಲ.

ಗಣಿತದ ಮೇಷ್ಟ್ರಿಗೆ ಲೆಕ್ಕ ಹೇಳಿಕೊಡಬೇಕೇ? ಕತೆಯಲ್ಲಿ ಇನ್ನೂ ತಿಂಡಿಯ ಹೊತ್ತು, ಮೂರು ಮಂತ್ರ ಮುಗಿಸಿ “ಇವತ್ತಿಗೆ ಸಾಕು, ಮಲಗ್ತೀನಿ” ಅಂದರು. ಮರುದಿನವೂ ಅದೇ. ಒಂದು ದಿನದ ದಾರಿಗೆ ಎಂಟು ದಿನ ಹಿಡಿಯಿತು.

“ನಾವ್ ಇಂಗ್ ಮಲಗಿದ್ರೆ,” ಅಂದ ರೈತ, “ಹಂದಿಗಳು ರಾಗಿ ತಿಂದು ಕೈ ತೊಳ್ಕಂಡು ಓಗಿರವು.”

3. ಕತ್ತಿ

ಆ ಸಂಜೆ ರೈತ ಚಪ್ಪಲಿ ಹಾಕಿಕೊಳ್ಳುತ್ತಾ, “ಇನ್ ಮ್ಯಾಲೆ ನಾ ಬರಾಕಿಲ್ಲ ಕಣಮ್ಮ” ಅಂದ. “ಬಸ್ಸಲ್ಲಿ ನಿಂತ್ಕಂಡು ಬಂದು, ಇಲ್ಲೂ ಸುಮ್ಕೆ ನಿಂತ್ಕಂಡಿರಾದಾ?”

ನನಗೆ ಕಸಿವಿಸಿಯಾಯಿತು. ಜಗಲಿಯಲ್ಲಿ ನಗು ಏಳುವುದೇ ಆತನ ಮಾತಿನಿಂದ. ಇನ್ನೊಂದು ವಾರ ಬಾ ಎಂದು ಬೇಡಿಕೊಂಡು, ಬಂದಾಗ ಕತೆಯಲ್ಲಿ ಬೆಂಕಿಯುಗುಳುವ ಕತ್ತಿಯೊಂದನ್ನು ಕೊಟ್ಟೆ. ಆತ ಖಾಲಿ ಕೈಯನ್ನೇ ಕಣ್ಣಿಗೊತ್ತಿಕೊಂಡ. ಆಮೇಲೆ ತೋಳ ಬಂದರೂ ಕೋಲಿನಲ್ಲೇ ಹೊಡೆದ.

“ಕತ್ತಿ ಎಲ್ಲೈತೋ ತಮ್ಮಾ?” ಅಂದೆ.

“ಬಟ್ಟೆ ಸುತ್ತಿ ಮಡಗಿವ್ನಿ. ಆಯುಧಪೂಜೆ ಆಗ್ಲಿ. ಪೂಜೆ ಮಾಡ್ದೆ ಟಿಲ್ಲರನ್ನೇ ಒಲಕ್ಕೆ ಇಳ್ಸಿಲ್ಲ ನಾನು.”

ಟೈಲರಮ್ಮ ನನ್ನ ಕಡೆ ತಿರುಗಿದಳು. “ಅಜ್ಜಿ, ಹಂಗಾದ್ರೆ ರಾಕ್ಷಸನಿಗೂ ಹೇಳ್ಬುಡಿ, ಹಬ್ಬ ಆದ್ಮೇಲೆ ಬರ್ಲಿ.”

4. ಕಾವಲು

“ಇದೇ ಕಡೇ ವಾರ” ಅಂತಲೇ ಆತ ಮುಂದಿನ ಭಾನುವಾರ ಬಂದ. ಕತೆಯಲ್ಲಿ ಎಲ್ಲರೂ ರಾಕ್ಷಸನ ಗುಹೆಯ ಮುಂದೆ ಬೀಡುಬಿಟ್ಟಿದ್ದರು. ಮೇಷ್ಟ್ರು ಎಂದಿನಂತೆ, “ಈಗ ಮಲಗ್ತೀನಿ. ನಾಳೆ ಮೂರು ಮಂತ್ರ, ರಾಕ್ಷಸ ಬೂದಿ. ನೀವೆಲ್ಲ ನೋಡ್ತಾ ಇರಿ” ಅಂದರು.

ಕಾವಲಿಗೆ ಯಾರು ಎಂದು ಕೇಳಿದೆ. ರೈತ ನೆಟ್ಟಗೆ ಕೂತ. “ನಾ ಕಾಯ್ತೀನಿ.”

“ಹೆಂಗ ಕಾಯ್ತಿ?”

“ಹೆಂಗೇನಮ್ಮ? ಮರ ಅತ್ತಿ ಕುಂತ್ಕಂಡು ಡಬ್ಬ ಬಡೀತೀನಿ.” ನಮ್ಮ ಮುಂದಿದ್ದ ಕಡಲೆಕಾಯಿಯ ತಟ್ಟೆಯನ್ನು ಬರಿದು ಮಾಡಿ ಬಡಿದೂ ತೋರಿಸಿದ. ಬೀದಿಯ ನಾಯಿ ಎದ್ದು ಓಡಿತು.

“ಎಷ್ಟೊತ್ತು?”

“ಬೆಳಗಾಗಗಂಟ. ಮಧ್ಯ ಮಧ್ಯ ಕೂಗೂ ಆಕ್ತೀನಿ. ಬುಟ್ರೆ ಆನೆ ನುಗ್ಗುಬುಡ್ತವೆ.”

ಮುಖದಲ್ಲಿ ತಮಾಷೆಯ ಸುಳಿವಿಲ್ಲ. ಮೂವತ್ತು ವರ್ಷ ಹೊಲ ಕಾದವನಿಗೆ ಬೇರೆ ಕಾವಲು ಗೊತ್ತಿಲ್ಲ.

ಮೇಷ್ಟ್ರು ಬೆಚ್ಚಿದರು. “ಅಮ್ಮಾ! ನನ್ನ ನಿದ್ದೆ?”

“ನಿದ್ದಿ ಇಲ್ಲ, ಮಂತ್ರನೂ ಇಲ್ಲ” ಅಂದೆ.

ಬೆಳಗಾಯಿತು. ರಾಕ್ಷಸ ಹೊರಬಂದ. ನ್ಯಾಯವೆಂದರೆ ನ್ಯಾಯ, ಆ ಸದ್ದಿಗೆ ಅವನಿಗೂ ನಿದ್ದೆಯಾಗಿರಲಿಲ್ಲ. ಕಣ್ಣುಜ್ಜಿಕೊಂಡು ಆಕಳಿಸುತ್ತಿದ್ದಾನೆ ಎಂದೆ. ಕಳ್ಳಿ ಹಿಂದಿನಿಂದ ಹೋಗಿ ಅವನ ಕಾಲಿಗೆ ಹಗ್ಗ ಬಿಗಿದಳು. ರೈತ ದಾಳ ಉರುಳಿಸಿದ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿತ್ತು. ಪೂಜೆಯಾಗದ ಕತ್ತಿ ಬಟ್ಟೆಯಲ್ಲೇ ಇತ್ತು, ರಾಕ್ಷಸ ಕೋಲಿಗೇ ಸತ್ತ. ಟೈಲರಮ್ಮ ಸಿಳ್ಳೆ ಹಾಕಿದಳು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಬಸ್ಸಿಗೆ ಹೊತ್ತಾಯಿತೆಂದು ರೈತ ಎದ್ದ. ಬರುತ್ತಾನೋ ಇಲ್ಲವೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಗೇಟಿನ ಹತ್ತಿರ ಹೋದವನು ತಿರುಗಿ ನಿಂತ.

“ಮೇಷ್ಟ್ರೇ, ಮುಂದಿನ್ ವಾರ ಚೀಲ ಮಾತ್ರ ನೀವೇ ಒತ್ಕಂಡ್ ಬನ್ನಿ ಸಾ. ನನ್ ಕೈಲಿ ಡಬ್ಬ ಇರ್ತದೆ.”