ಮುಂದಿನ ಬೆಂಚಿಗೆ ಸರಿಯಾದ ಪದ

ವಿಶೇಷ ಅಗತ್ಯವುಳ್ಳ ಮಕ್ಕಳ ಮನಸ್ಸಿಗೆ ನೋವಾಗುವಂಥ ಒಂದೇ ಒಂದು ಪದವನ್ನೂ ನಮ್ಮ ಶಿಕ್ಷಣ ಕಚೇರಿ ಕಳೆದ ಹನ್ನೊಂದು ವರ್ಷಗಳಲ್ಲಿ ಬಳಸಿಲ್ಲ. ಇದಕ್ಕಾಗಿಯೇ ಪದ ಪರಿಷ್ಕರಣ ಸಮಿತಿ ಪ್ರತಿ ಗುರುವಾರ ಸಭೆ ಸೇರುತ್ತದೆ. ಗದ್ದಲವಾಗುತ್ತದೆಂದು ಸಭೆಗೆ ಮಕ್ಕಳನ್ನು ಬಿಡುವುದಿಲ್ಲ.

ಹೊಲಿಗೆ ಕೆಲಸದ ಹೆಂಗಸೊಬ್ಬರು ಒಂದು ಅರ್ಜಿ ತಂದರು. "ನನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ದಯವಿಟ್ಟು ಮುಂದಿನ ಬೆಂಚಿನಲ್ಲಿ ಕೂರಿಸಿ." ಇಷ್ಟೇ. ಮಗು ಎರಡನೇ ತರಗತಿ, ಕೊನೆಯ ಬೆಂಚು. ಪಾಠ ಕೇಳಿಸದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿತ್ತು, ನಕಲು ಮಾಡಿದ್ದಕ್ಕೆ ಬೈಸಿಕೊಳ್ಳುತ್ತಿತ್ತು.

ನಮ್ಮ ಗುಮಾಸ್ತರು ಅರ್ಜಿ ಓದಿ ಬೆಚ್ಚಿಬಿದ್ದರು.

"'ಕೇಳಿಸುವುದಿಲ್ಲ' ಅಂತ ಬರೀಬಾರದಮ್ಮಾ. ಮಗು ಮನಸ್ಸಿಗೆ ಎಷ್ಟು ನೋವಾಗುತ್ತೆ!"

"ಅವಳು ಈ ಅರ್ಜಿ ಓದಲ್ಲ ಸಾರ್."

"ನಾವು ಓದ್ತೀವಲ್ಲ. ನಮಗೆ ನೋವಾಗಲ್ವಾ?"

"ಟೀಚರಿಗೆ ನೀವೇ ಒಂದು ಮಾತು ಹೇಳ್ಬಾರ್ದಾ? 'ಕೂರಿಸೋಕೆ ನಂಗೇನು ಕಷ್ಟ, ಆಫೀಸಿಂದ ಕಾಗದ ತನ್ನಿ' ಅಂದ್ರು ಅವರು."

ಗುಮಾಸ್ತರು ನೂರ ನಲವತ್ತು ಪುಟದ ಪದಕೋಶ ಕೊಟ್ಟು ಕಳಿಸಿದರು. ಆಕೆ ಹೊಲಿಗೆ ಯಂತ್ರದ ಮೇಲೆ ಅದನ್ನಿಟ್ಟುಕೊಂಡು, ತಲೆಬುಡ ತಿಳಿಯದಿದ್ದರೂ ಬಿಡದೆ ಓದಿ, ಹೊಸ ಅರ್ಜಿ ಬರೆದರು: "ಶ್ರವಣ ಮಾರ್ಗದಲ್ಲಿ ಹೆಚ್ಚುವರಿ ಬೆಂಬಲಾಪೇಕ್ಷೆಯುಳ್ಳ ಕಲಿಕಾರ್ಥಿಗೆ ಬೋಧನಾ ಮೂಲಕ್ಕೆ ಸಮೀಪದ ಆಸನ." ನನಗಂತೂ ಓದಿ ಕಣ್ಣು ತುಂಬಿ ಬಂತು. ಆದರೆ ಹಿಂದಿನ ಗುರುವಾರವಷ್ಟೇ 'ಹೆಚ್ಚುವರಿ' ರದ್ದಾಗಿತ್ತು, ಅರ್ಜಿ ವಾಪಸಾಯಿತು.

ಮರುವರ್ಷ 'ಬೆಂಬಲಾಪೇಕ್ಷೆ' ಹೋಯಿತು. ಅದರ ಮರುವರ್ಷ ಸಮಿತಿಯು 'ಅಗತ್ಯ' ಎಂಬ ಪದವನ್ನೇ ಅವಮಾನಕರವೆಂದು ಕೈಬಿಟ್ಟಿತು. ಅಂದಿನಿಂದ ನಮ್ಮ ವ್ಯಾಪ್ತಿಯಲ್ಲಿ ಅಗತ್ಯವುಳ್ಳ ಒಂದು ಮಗುವೂ ಉಳಿದಿಲ್ಲ. ಇಷ್ಟು ಬೇಗ ಇಂಥ ಸಾಧನೆ ಮಾಡಿದ ಕಚೇರಿ ಇನ್ನೊಂದಿಲ್ಲ.

"ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ ಮಾತಾಡ್ಬೇಡಿ ಸಾರ್, ಹೊಟ್ಟೆ ಉರಿಯುತ್ತೆ. ನನ್ನ ಮಗಳು ನಾಲ್ಕನೇ ಕ್ಲಾಸಿಗೆ ಬಂದ್ಲು. ಇನ್ನೂ ಹಿಂದೇನೇ ಕೂತಿದ್ದಾಳೆ," ಎಂದರು ಇದನ್ನು ಕೇಳಿದ ತಾಯಿ.

"'ಹಿಂದೆ' ಅನ್ನಬಾರದಮ್ಮಾ," ಎಂದರು ಗುಮಾಸ್ತರು.

ಅಷ್ಟರಲ್ಲಿ ಪದಕೋಶದ ಐದೂ ಆವೃತ್ತಿಗಳು ಬಾಯಿಪಾಠವಾಗಿದ್ದವರು ಆ ತಾಯಿಯೊಬ್ಬರೇ. ಸಮಿತಿಯ ಸದಸ್ಯರಿಗೂ ಮೂರರ ಮೇಲೆ ಬರುತ್ತಿರಲಿಲ್ಲ. ಸಮಿತಿ ಆಕೆಯನ್ನೇ ಸದಸ್ಯೆಯಾಗಲು ಕರೆಯಿತು. ಒಳಗಿದ್ದರೆ ಎಂದಾದರೂ ಮಗಳ ಕೆಲಸವಾದೀತೆಂದು ಆಕೆ ಸಮಿತಿ ಸೇರಲು ಒಪ್ಪಿದರು. ತಮ್ಮ ಸನ್ಮಾನ ಸಮಾರಂಭದಲ್ಲಿ ಒಂದೂ ತಪ್ಪಿಲ್ಲದೆ ಮುಕ್ಕಾಲು ಗಂಟೆ ಮಾತಾಡಿದರು. ಮುಂದಿನ ಸಾಲುಗಳು ಗಣ್ಯರಿಗೆ ಮೀಸಲಾಗಿದ್ದರಿಂದ ಮಗು ಬಾಗಿಲ ಬಳಿ ಕೂತಿತ್ತು. ಅಕ್ಕಪಕ್ಕದವರ ಕೈ ನೋಡಿಕೊಂಡು, ಅವರು ತಟ್ಟಿದಾಗಲೆಲ್ಲ ತಾನೂ ಚಪ್ಪಾಳೆ ತಟ್ಟಿತು.

ಗುಮಾಸ್ತರು ಅದನ್ನು ಗಮನಿಸಿ, ಮಗುವಿಗೆ ಭಾಷಣ ಪೂರ್ತಿ ಕೇಳಿಸಿದೆ ಎಂದು ಕಡತದಲ್ಲಿ ಬರೆದು, ಪ್ರಕರಣ ಮುಕ್ತಾಯಗೊಳಿಸಲು ಹೊಸ ಸದಸ್ಯೆಯ ಮುಂದಿಟ್ಟರು. ಆಕೆ ಓದಿದರು. ಮಗಳ ಕಡೆ ಒಮ್ಮೆ ನೋಡಿದರು. ಆಮೇಲೆ 'ಕೇಳಿಸಿದೆ' ಎಂಬುದನ್ನು ಹೊಡೆದುಹಾಕಿ, 'ಶ್ರವಣಾನುಭವ ಸಂಪನ್ನಗೊಂಡಿದೆ' ಎಂದು ತಿದ್ದಿ, ಸಹಿ ಮಾಡಿದರು.