ನನ್ನ ಮಗಳನ್ನು ಅಲುಗಾಡದೆ ಮಲಗಿಸಿದ ಯಂತ್ರಕ್ಕೆ

ಮಾನ್ಯ ಎಂ.ಆರ್.ಐ. ಯಂತ್ರದವರೇ,

ತಮ್ಮ ತಂಪು ಕೋಣೆಗೂ, ದಪ್ಪ ಬಾಗಿಲಿಗೂ, ಗೋಡೆಯಾಚೆಯ ಕಂಪ್ಯೂಟರ್ ಪರಿವಾರಕ್ಕೂ ಎರಡು ಕುರ್ಚಿಯ ಕಟಿಂಗ್ ಶಾಪಿನವನ ಅನಂತ ನಮಸ್ಕಾರಗಳು. ನಾವು ಕ್ಷೇಮ, ತಾವೂ ಎಂದಿನಂತೆ ಡಗಡಗ ಬಡಿದುಕೊಳ್ಳುತ್ತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಳೆದ ಮಂಗಳವಾರ ಹನ್ನೊಂದು ಗಂಟೆಗೆ ತಮ್ಮ ಹೊಟ್ಟೆಯೊಳಗೆ ಮಲಗಿ ಎದ್ದುಬಂದ ಏಳು ವರ್ಷದ ಹುಡುಗಿಯ ಅಪ್ಪ ನಾನು. ಪ್ಯಾಂಟು ಹಿಡಿದುಕೊಂಡು ನಿಂತಿದ್ದವನು ಎಂದರೆ ತಮಗೆ ನೆನಪಾದೀತು.

ಪ್ಯಾಂಟಿನ ವಿಷಯವನ್ನೇ ಮೊದಲು ಮುಗಿಸಿಬಿಡುತ್ತೇನೆ. ತಮಗೆ ಲೋಹ ಕಂಡರಾಗದು ಎಂದು ಮಗಳ ಕಾಲು ಹಿಡಿದು ಕೂರಲು ಹೊರಟ ನನ್ನಿಂದ ಬೆಲ್ಟು, ಬೀಗದ ಕೈ, ಸ್ಟೀಲಿನ ಬಾಚಣಿಗೆ ಎಲ್ಲವನ್ನೂ ಕಳಚಿಸಿ ಪೆಟ್ಟಿಗೆಯೊಂದಕ್ಕೆ ಹಾಕಿಸಿದ ತಮ್ಮ ತಂತ್ರಜ್ಞ, ಕೊನೆಗೆ ನನಗೇ ಮರೆತುಹೋಗಿದ್ದ ಸಣ್ಣ ಕತ್ತರಿ ಅಂಗಿಜೇಬಿನಲ್ಲಿ ಸಿಕ್ಕಿದ ಮೇಲೆ, ಇಂಥವನ ಸಹವಾಸವೇ ಬೇಡವೆಂದು ನನ್ನನ್ನು ಗಾಜಿನ ಈಚೆಗೆ ಕೂರಿಸಿಬಿಟ್ಟ. ಬೆಲ್ಟು ಮಾತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಇದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ.

ಮನಸ್ಸಿನಲ್ಲಿಟ್ಟುಕೊಂಡಿರುವುದು ಬೇರೆ. ಮಕ್ಕಳ ಗಮನ ವಯಸ್ಸಿನೊಂದಿಗೆ ಹೇಗೆ ಬೆಳೆಯುತ್ತದೆ ಎಂದು ಮೆದುಳಿನ ಚಿತ್ರ ತೆಗೆದು ನೋಡುವ ಅಧ್ಯಯನವೊಂದಿದೆ, ಸೂಜಿಯಿಲ್ಲ, ಔಷಧಿಯಿಲ್ಲ, ಕೊಯ್ಯುವುದಂತೂ ಇಲ್ಲ, ಮಗು ಇಪ್ಪತ್ತು ನಿಮಿಷ ಅಲುಗಾಡದೆ ಮಲಗಿದರೆ ಸಾಕು ಎಂದು ಶಾಲೆಯಿಂದ ಚೀಟಿ ಬಂದಾಗ ನಾನು ನಕ್ಕಿದ್ದೆ. ಏಕೆಂದರೆ ಈ ಕಸುಬಿನಲ್ಲಿ ತಮಗಿಂತ ನಾನು ಹಿರಿಯ. ಇಪ್ಪತ್ತೆರಡು ವರ್ಷಗಳಿಂದ ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ ಮಕ್ಕಳನ್ನು ಕೂರಿಸಿ, ಸಿಳ್ಳೆ ಹೊಡೆದು, ಮೊಬೈಲಿನಲ್ಲಿ ಕಾರ್ಟೂನು ಹಚ್ಚಿ, ಯಾವುದೂ ನಡೆಯದಿದ್ದರೆ ಕಿವಿ ಹೋದೀತು ಎಂದು ಹೆದರಿಸಿ ಅವರ ತಲೆ ಹಿಡಿದು ಬದುಕುತ್ತಿರುವವನಿಗೆ ಎರಡು ನಿಮಿಷದ ಮೇಲೆ ಯಾವ ಮಗುವೂ ದಕ್ಕಿಲ್ಲ. ತಾವೋ, ಕೈಯಿಲ್ಲ, ಬಾಚಣಿಗೆಯಿಲ್ಲ, ಮೇಲಾಗಿ ಗಾರೆ ಕಲಸುವ ಮಿಷನ್ನು ನಾಚುವಷ್ಟು ಗದ್ದಲ. ಅಂಥ ತಾವು ನನ್ನ ಮಗಳನ್ನು ಇಪ್ಪತ್ತು ನಿಮಿಷ ಮಿಸುಕಾಡದೆ ಮಲಗಿಸಿದ್ದೀರಿ!

ತಲೆ ಎಷ್ಟು ಅಲುಗಿತೆಂದು ತೋರಿಸುವ ಗೆರೆಯನ್ನು ತಮ್ಮ ಸಂಶೋಧಕಿ ನನಗೆ ತೋರಿಸಿದಳು. ಈವರೆಗೆ ಬಂದ ಎಂಬತ್ತು ಮಕ್ಕಳಲ್ಲಿ ಇಷ್ಟು ನೆಟ್ಟಗಿನ ಗೆರೆ ಇನ್ನೊಂದಿಲ್ಲವಂತೆ. ನನಗೆ ಹೆಮ್ಮೆಯಾಗಬೇಕಿತ್ತು, ಹೊಟ್ಟೆ ಉರಿಯಿತು.

ಇದಕ್ಕೊಂದು ಹಿನ್ನೆಲೆಯಿದೆ. ಹೋದ ವರ್ಷ ನನ್ನದೇ ಕುರ್ಚಿಯಲ್ಲಿ ಮಗಳ ಎಡಗಿವಿಗೆ ಕತ್ತರಿ ತಾಗಿ, ಅಕ್ಕಿಕಾಳಿನಷ್ಟು ಗಾಯದ ಗುರುತು ಉಳಿಯಿತು. ಮಗು ಅಲುಗಾಡಿಬಿಟ್ಟಳು ಎಂದು ಹೆಂಡತಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ಶಾಲೆಯ ಮೇಡಮ್ಮಿಗೂ ಹೇಳಿದೆ. ಅಪ್ಪನ ಕೈಯಲ್ಲೇ ನಿಲ್ಲದ ಮಗು ತರಗತಿಯಲ್ಲಿ ನಿಂತೀತೆ ಎಂದು ಮೇಡಮ್ಮು ಅವಳನ್ನು ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ತಮ್ಮ ಅಧ್ಯಯನಕ್ಕೆ ಅವಳ ಹೆಸರನ್ನು ಮುತುವರ್ಜಿಯಿಂದ ಬರೆದವರೂ ಅವರೇ. ತಮ್ಮ ಫಾರಮ್ಮಿನಲ್ಲಿ ಕೂಡ, ತಲೆಗೆ ಪೆಟ್ಟಾಗಿದೆಯೇ ಎಂಬಲ್ಲಿ, ಕಿವಿಗೆ ಕತ್ತರಿ, ಮಗು ಅಲುಗಾಡಿದ್ದರಿಂದ, ಎಂದು ನಾನು ದುಂಡಗೆ ಬರೆದಿದ್ದೇನೆ.

ಆ ಉರಿಯಲ್ಲೇ ಮಗಳನ್ನು ಕೇಳಿದೆ, ಇಲ್ಲಿ ಸುಮ್ಮನಿದ್ದವಳಿಗೆ ಅಪ್ಪನ ಅಂಗಡಿಯಲ್ಲಿ ಏನಾಗಿತ್ತು ಎಂದು. ಷೂ ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಅವತ್ತೂ ನಾನು ಅಲುಗಾಡಿರಲಿಲ್ಲ ಅಪ್ಪ. ನೀನು ಟೀವಿ ನೋಡ್ತಿದ್ದೆ."

ಮ್ಯಾಚಿನ ಕೊನೆಯ ಓವರು ನಡೆಯುತ್ತಿತ್ತು. ನಿಜ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ವಿನಂತಿಗಳು. ಆ ನೆಟ್ಟಗಿನ ಗೆರೆಯನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಎರಡನೇ ತರಗತಿಯ ಗೋಡೆಗೆ ತೂಗುಹಾಕಬೇಕು. ಬಿಡುವಾದಾಗ ತಾವೇ ಉರುಳಿಕೊಂಡು ಶಾಲೆಗೆ ಹೋಗಿ ಮೇಡಮ್ಮಿನೆದುರು ಸಾಕ್ಷಿ ನುಡಿಯಬೇಕು. ದಾರಿಯಲ್ಲಿ ತಮ್ಮ ಅಯಸ್ಕಾಂತಕ್ಕೆ ಸೈಕಲ್ಲುಗಳು ಬಂದು ಅಂಟಿಕೊಂಡರೆ ನಾನು ಬಿಡಿಸಿಕೊಡುತ್ತೇನೆ. ಅದಾಗದಿದ್ದರೆ, ಈ ಮಗು ಸ್ಥಿರಚಿತ್ತದವಳು ಎಂದು ಒಂದೇ ಒಂದು ಸಾಲಿನ ಸರ್ಟಿಫಿಕೇಟು. ಇದನ್ನು ಸಂಶೋಧಕಿಯ ಬಳಿ ಕೇಳಿಯೂ ನೋಡಿದೆ. ಈ ಚಿತ್ರಗಳು ನೂರಾರು ಮಕ್ಕಳನ್ನು ಒಟ್ಟಿಗಿಟ್ಟು ಕಲಿಯುವುದಕ್ಕೆ, ಒಂದು ಮಗು ಎಂಥದೆಂದು ತೀರ್ಪು ಕೊಡುವುದಕ್ಕಲ್ಲ ಎಂದು ಆಕೆ ಬಲು ಮರ್ಯಾದೆಯಿಂದ ಹೇಳಿದಳು. ಮಗಳ ತಲೆಯನ್ನು ಪದರ ಪದರವಾಗಿ ನೋಡಿದ ತಾವು ತೀರ್ಪು ಕೊಡುವುದಿಲ್ಲವೆನ್ನುತ್ತೀರಿ. ಟೀವಿ ನೋಡುತ್ತಿದ್ದ ನಾನು ಕೊಟ್ಟುಬಿಟ್ಟಿದ್ದೆ.

ತಾವು ಬರೆಯದ ಸರ್ಟಿಫಿಕೇಟನ್ನು ನಾನೇ ಇಲ್ಲಿ ಬರೆಯುತ್ತಿದ್ದೇನೆ. ಅವಳು ಅಲುಗಾಡಲಿಲ್ಲ. ಅಲುಗಾಡಿದ್ದು ನನ್ನ ಕೈ. ಒಂದು ವರ್ಷ ಅವಳು ಒಬ್ಬಳೇ ಕೂತದ್ದು ನನ್ನ ಸುಳ್ಳಿನಿಂದ, ಅದಕ್ಕೆ ನನಗೆ ನಾಚಿಕೆಯಾಗಿದೆ.

ತಮ್ಮ ವಿಶ್ವಾಸಿಯೂ, ಕಸುಬಿನಲ್ಲಿ ತಮ್ಮಿಂದ ಸೋತವನೂ ಆದ,
ಗಾಜಿನ ಈಚೆ ಕೂತಿದ್ದ ಅಪ್ಪ

ವಿ.ಸೂ.: ಈ ಪತ್ರದ ಪ್ರತಿಯನ್ನು ಮೇಡಮ್ಮಿಗೆ ನಾನೇ ಹೋಗಿ ಕೊಟ್ಟೆ. ಎರಡು ಸಲ ಓದಿದರು. ಮಾರನೆಯ ದಿನ ಬೆಂಚು ಬದಲಾಯಿತು. ಮಗಳ ಕೂದಲು ಈಗ ಕಣ್ಣಿಗೆ ಬೀಳುತ್ತಿದೆ. ಪಕ್ಕದ ಬೀದಿಯ ಅಂಗಡಿಯಲ್ಲಿ ಕತ್ತರಿಸಿಕೊಳ್ಳುತ್ತಾಳಂತೆ. ಅಲ್ಲಿ ಟೀವಿ ಇಲ್ಲ.