ಪಂಪಮ್ಮನ ಬೊಟ್ಟಿನ ಕೆಳಗಿನ ಗುಂಡಿ

ರಾಯದುರ್ಗ, 7-2-2018

ಇಂದ: ಅಂಜನಾ, ಎಂ.ಎಸ್ಸಿ. (ಕಂಪ್ಯೂಟರ್), ತಮ್ಮ ವೆಬ್‌ಸೈಟಿನ ಕೋಡ್ ಬರೆಯುತ್ತಿದ್ದ ದಿವಂಗತ ರುದ್ರಮುನಿಯವರ ಪತ್ನಿ, ಸದ್ಯಕ್ಕೆ ಅವರ ಕುರ್ಚಿಯಲ್ಲಿ ಕುಳಿತವಳು.

ಗೆ: ಶ್ರೀ ಗೋವರ್ಧನ್, ಹೊಲಿಗೆ ಶೆಡ್ಡುಗಳಿಗೆ ಜೀನ್ಸ್ ಬಂಡಲ್ ಹಂಚುವ ವೆಬ್‌ಸೈಟಿನ ಮಾಲೀಕರು.

ವಿಷಯ: ಹೊಸ ವೆಬ್‌ಸೈಟು ಹಳೆಯ ಬ್ರೌಸರಿನಲ್ಲೂ ತೆರೆಯುವಂತೆ, ಒಪ್ಪಿಗೆ ಗುಂಡಿ ಇದ್ದಲ್ಲೇ ಇರುವಂತೆ ಅನುಮತಿ ಕೋರಿ.

ಉಲ್ಲೇಖ: 1. ತಮ್ಮ ಮೌಖಿಕ ಆದೇಶ: "ಹಳೇ ಬ್ರೌಸರ್ ಬಿಟ್ಟಾಕಮ್ಮ. ನಮ್ ಮಡಕಶಿರಾ ಕಡೆ ಶೆಡ್ನಾಗೆಲ್ಲ ಹೊಸ ಕಂಪ್ಯೂಟರ್ ಐತೆ."
2. ಶೆಡ್ಡಿನ ಮೇಲ್ವಿಚಾರಕಿ ಪಂಪಮ್ಮನವರ ಬೈಗುಳ (ಪೂರ್ಣ ಪಾಠ ಲಗತ್ತಿಸಿಲ್ಲ).

ಮಾನ್ಯರೇ,

ಮೃತರ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ, ಅಂದರೆ ಮೊನ್ನೆ ಸೋಮವಾರ ಬೆಳಿಗ್ಗೆ, ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಅರ್ಜಿದಾರಳು ಕೊಡಗಳನ್ನು ತುಂಬಿಸಿದಳು. ಮುಂದೇನು ಮಾಡಬೇಕೆಂದು ತಿಳಿಯದ ಕಾರಣ ಕಚೇರಿಗೆ ಬಂದಳು. ಬಂದ ಮೇಲೆ ಕಂಡುಬಂದದ್ದು:

1. ಪಂಪಮ್ಮನವರ ಶೆಡ್ಡಿನ ಕಂಪ್ಯೂಟರ್ ಹಳೆಯದು. ಹೊಸ ಬ್ರೌಸರ್ ಹಾಕಿದರೆ ಏಳುವುದಿಲ್ಲ. ಹೊಸ ವೆಬ್‌ಸೈಟನ್ನು ಅದರಲ್ಲಿ ಪರೀಕ್ಷಿಸಲು ಮೃತರು ಜನವರಿ 22ರಂದು ಅದನ್ನು ಎರಡು ದಿನಕ್ಕೆಂದು ಎರವಲು ತಂದರು. 23ರಂದು ನಿಧನರಾದರು.

2. ಮೂರು ವರ್ಷದ ಹಿಂದಿನ ಆಯುಧಪೂಜೆಯಲ್ಲಿ ಪಂಪಮ್ಮನವರು ಸದರಿ ಕಂಪ್ಯೂಟರಿನ ಪರದೆಗೆ ಕುಂಕುಮದ ಬೊಟ್ಟಿಟ್ಟರು. ಒರೆಸಲು ಅವರು ಒಪ್ಪದ ಕಾರಣ, ಬಂಡಲ್ ಪಡೆಯಲು ಒತ್ತುವ ಒಪ್ಪಿಗೆ ಗುಂಡಿಯನ್ನೇ ಮೃತರು ಬೊಟ್ಟಿನ ಕೆಳಗೆ ತಂದರು. ಗುಂಡಿಯ ಮೇಲಿನ ಅಕ್ಷರ ಇಂಗ್ಲಿಷಿನದಾದ್ದರಿಂದ ಗುಮ್ಮಘಟ್ಟದ ಕಡೆಯಿಂದ ಆಟೋದಲ್ಲಿ ಬರುವ ಹನ್ನೊಂದು ಹೆಂಗಸರು ಅಂದಿನಿಂದ ಬೊಟ್ಟು ನೋಡಿಯೇ ಒತ್ತುತ್ತಿದ್ದಾರೆ.

3. ನಿನ್ನೆ ಪಂಪಮ್ಮನವರು ಕಚೇರಿಗೆ ಬಂದು ನುಡಿದದ್ದು:

"ಮಣ್ಣಾದ ಮನಿಗಿ ಬಂದು ಕಂಪ್ಯೂಟರ್ ಕೊಡ್ರಿ ಅಂತ ಹೆಂಗ ಕೇಳೂದು ತಂಗಿ? ಅದಕ್ಕ ಬಾಜೂ ಜೆರಾಕ್ಸ್ ಅಂಗಡ್ಯಾಗಿನ ಕಂಪ್ಯೂಟರಿಗೆ ಟೇಪ್ ಹಿಡಿದು ಬೊಟ್ಟು ಇಟ್ಟೀವ್ರಿ. ಹಳೇ ಬೊಟ್ಟಿನ ಅಳತಿ ನೆನಪಿತ್ತು, ಎಡಗಡಿಂದ ಒಂಬತ್ತು ಇಂಚು, ಮ್ಯಾಲಿಂದ ನಾಕೂವರಿ. ನಮ್ಮ ಅಳತಿ ತಪ್ಪಂಗಿಲ್ಲ."

ಅಳತೆ ತಪ್ಪಿರಲಿಲ್ಲ. ಅಂಗಡಿಯ ಪರದೆ ದೊಡ್ಡದಿತ್ತು. ಆದಕಾರಣ ಬೊಟ್ಟು ರದ್ದು ಗುಂಡಿಯ ಮೇಲೆ ಕೂತಿತು. ಒಂಬತ್ತು ದಿನ ಬಂದ ಬಂಡಲ್‌ಗಳನ್ನೆಲ್ಲ ಅವರು ಭಕ್ತಿಯಿಂದ ರದ್ದು ಮಾಡಿದ್ದಾರೆ.

"ಹೊಲಿಯಾಕ ಏನೂ ಇಲ್ಲರಿ. ಇಬ್ಬರು ಬೆಂಗಳೂರು ಗಾರ್ಮೆಂಟ್ಸಿಗೆ ಫೋನ್ ಮಾಡ್ಯಾರ. ಉಳಿದೋರು ಶನಿವಾರದ ತನಕ ನೋಡ್ತಾರಂತ."

4. ಇದೇ ವೇಳೆ ತಾವು ಒಳಗಿನಿಂದ, "ಹಳೇ ಬ್ರೌಸರ್ ನೂರಕ್ಕೆ ಎರಡು ಕಣಮ್ಮ, ಎರಡೇ" ಎಂದಿರಿ. ಪಂಪಮ್ಮನವರು ತಮ್ಮನ್ನು ನೋಡಿ, "ಯಾಕ, ಆ ಎರಡು ನಾವಽ ಏನ್ರಿ?" ಎಂದರು. ತಾವು ಫೋನ್ ಬಂದಂತೆ ಹೊರಗೆ ಹೋದಿರಿ. ಫೋನ್ ಮೇಜಿನ ಮೇಲಿತ್ತು.

5. ಮೂರು ವರ್ಷದಲ್ಲಿ ತಾವು ವಿನ್ಯಾಸ ಬದಲಿಸಿದ್ದು ಏಳು ಬಾರಿ. ಏಳು ಬಾರಿಯೂ ಆ ಗುಂಡಿ ಕದಲಲಿಲ್ಲ. ಇದಕ್ಕೆ ತಾಂತ್ರಿಕ ಕಾರಣವಿದೆ ಎಂದು ಮೃತರು ಹೇಳಿದ್ದನ್ನು ತಾವು ಒಪ್ಪಿದ್ದಿರಿ. ಮೃತರ ಕೋಡ್ ತೆರೆದಾಗ ಆ ಕಾರಣ ದೊರಕಿತು: "ಇಲ್ಲಿ ಪಂಪಮ್ಮನ ಬೊಟ್ಟು ಇದೆ. ಗುಂಡಿ ಸರಿಸಬೇಡಿ." ಈ ಹದಿನೈದು ದಿನದಲ್ಲಿ ಅರ್ಜಿದಾರಳು ನಕ್ಕದ್ದು ಅದೊಂದು ಸಲ. ಅನಂತರ ಸ್ವಲ್ಪ ಹೊತ್ತು ಪರದೆ ಸರಿಯಾಗಿ ಕಾಣಲಿಲ್ಲ.

ಆದ್ದರಿಂದ, ಸದರಿ ಕಂಪ್ಯೂಟರ್ ಬದುಕಿರುವವರೆಗೆ ಹಳೆಯ ಬ್ರೌಸರಿಗೆ ಬೆಂಬಲ ಮುಂದುವರಿಸಲು ಅನುಮತಿಸಬೇಕಾಗಿ ಕೋರಿಕೆ. ಕೆಲಸವನ್ನು ನಿನ್ನೆ ಸಂಜೆಯೇ ಮಾಡಿ ಮುಗಿಸಲಾಗಿರುವ ಕಾರಣ, ಅನುಮತಿಯನ್ನು ನಿನ್ನೆಯ ದಿನಾಂಕಕ್ಕೆ ನೀಡುವುದು. ಇಂದು ಬೆಳಿಗ್ಗೆ ಶೆಡ್ಡಿನಲ್ಲಿ ಪರೀಕ್ಷಿಸಿದಾಗ ಎರಡು ಬಂಡಲ್ ಒಪ್ಪಿಗೆಯಾದವು.

ಹಳೆಯ ಹಾಗೂ ಹೊಸ ಬ್ರೌಸರುಗಳಲ್ಲಿ ಒಂದೇ ರೀತಿ ತಮ್ಮ ವಿಶ್ವಾಸಿ,
ಅಂಜನಾ

ಅಡಕ:
1. ಕೋಡಿನ ಆ ಸಾಲಿನ ಪ್ರತಿ.
2. ಜೆರಾಕ್ಸ್ ಅಂಗಡಿಯವರ ದೂರು (ಬೊಟ್ಟು ಒರೆಸಲು ಅವರಿಗೂ ಧೈರ್ಯವಿಲ್ಲ).
3. ಕಚೇರಿಯ ಎರವಲು ರಿಜಿಸ್ಟರಿನ ಪುಟ. ಮೃತರು ತಂದಿದ್ದ ಕಂಪ್ಯೂಟರನ್ನು ಇಂದು ಆಟೋದಲ್ಲಿ ಒಯ್ದು, ಪಂಪಮ್ಮನವರ ಕೈಗೆ ಹಿಂತಿರುಗಿಸಿ, ಅವರ ಹೆಬ್ಬೆಟ್ಟು ಪಡೆಯಲಾಗಿದೆ. "ವಿಳಂಬಕ್ಕೆ ಕಾರಣ" ಎಂಬ ಕಾಲಂನಲ್ಲಿ ಅರ್ಜಿದಾರಳು ಏನೂ ಬರೆದಿಲ್ಲ. ಬರೆಯಲೇಬೇಕೆಂದಿದ್ದಲ್ಲಿ ದಯವಿಟ್ಟು ತಿಳಿಸುವುದು.